ರಾಜ ಹಾರಿದ ಮಧ್ಯಾಹ್ನ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮೊದಲು ನಗುತ್ತಿದ್ದೆ, ಆಮೇಲೆ ಪ್ರಶ್ನೆ ಕೇಳುತ್ತಿದ್ದೆ. ದೀಪ ತಾನಾಗಿ ಆರಿತು ಅಂದರೆ ಎಣ್ಣೆ ಎಷ್ಟಿತ್ತು ಅಂತ, ಬಾಗಿಲು ತಾನಾಗಿ ತೆರೆಯಿತು ಅಂದರೆ ಚಿಲಕ ಯಾವ ಕಾಲದ್ದು ಅಂತ. ವಿಜಯಪುರದ ನಮ್ಮ ತವರಿನಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು ದೆವ್ವದ ಕಥೆ ಹೇಳಲು ಯಾರಿಗೂ ಉತ್ಸಾಹ ಬರುತ್ತಿರಲಿಲ್ಲ. ಮುಂದೆ ಕಂಪ್ಯೂಟರ್ ಓದಿದ ಮೇಲಂತೂ ಕೇಳುವುದೇ ಬೇಡ. ಯಂತ್ರ ತಾನಾಗಿ ಏನೂ ಮಾಡುವುದಿಲ್ಲ, ನಾವು ಹೇಳಿದ್ದನ್ನು ಮಾಡುತ್ತದೆ, ನಾವು ತಪ್ಪು ಹೇಳಿದರೆ ಆ ತಪ್ಪನ್ನೂ ಶ್ರದ್ಧೆಯಿಂದ ಮಾಡುತ್ತದೆ ಎಂದು ಮಾಧವನಗರದ ಟ್ಯೂಶನ್ ಕ್ಲಾಸಿನಲ್ಲಿ ಮಕ್ಕಳಿಗೆ ಇವತ್ತಿಗೂ ಹೇಳುತ್ತೇನೆ. ಹೇಳುವಾಗ ಒಂದು ಮಧ್ಯಾಹ್ನ ನೆನಪಾಗಿ ದನಿ ಸ್ವಲ್ಪ ಇಳಿಯುತ್ತದೆ. ಮಕ್ಕಳಿಗೆ ಅದು ತಿಳಿಯುವುದಿಲ್ಲ.

ಆ ಮಧ್ಯಾಹ್ನದ ವಿಷಯವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವು ನಂಬಲೇಬೇಕು ಎಂದು ನನ್ನ ಹಟವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ನಾನು ಮದುವೆಯಾಗಿ ಬಂದದ್ದು ಸಾಂಗ್ಲಿಗೆ. ನಮ್ಮ ಮಾವನವರ ಹಿರಿಯರು ಬಹಳ ಹಿಂದೆ ಅಥಣಿ ಕಡೆಯಿಂದ ಬಂದು ಇಲ್ಲಿ ಅರಿಶಿನದ ವ್ಯಾಪಾರ ಹಿಡಿದವರು. ಅಂಗಡಿ ಪೇಟೆಯಲ್ಲಿ, ಮನೆ ಅದರ ಹಿಂದಿನ ಓಣಿಯಲ್ಲಿ. ಈ ಮನೆಯಲ್ಲಿ ಕನ್ನಡ ಇದೆ, ಆದರೆ ಅದು ಸೊರಗಿದೆ. ನನ್ನ ಗಂಡನಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಹಾಗಾಗಿ ಮಾವನವರಿಗೆ ನಾನು ಬಂದದ್ದು ದೊಡ್ಡ ಸಂತೋಷ. ಬೆಳಗಿನ ಚಹಾದಿಂದ ಶುರುವಾದ ನಮ್ಮ ಹರಟೆ ಅವರು ಚಪ್ಪಲಿ ಹಾಕಿಕೊಂಡು ಹೊರಡುವವರೆಗೆ ನಡೆಯುತ್ತಿತ್ತು. ಅವರದು ಭಾರಿ ಕಂಠ. ಅಂಗಡಿಯ ಗಾದಿಯ ಮೇಲೆ ಕೂತು ಒಮ್ಮೆ ಕೂಗಿದರೆ ಓಣಿಯ ತುದಿಯಲ್ಲಿದ್ದ ಚಹಾದವನು ಗ್ಲಾಸು ತೊಳೆಯಲು ಶುರುಮಾಡುತ್ತಿದ್ದ.

ಅತ್ತೆಯವರನ್ನು ನಾನು ನೋಡಲಿಲ್ಲ. ನಮ್ಮ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಪಡಸಾಲೆಯಲ್ಲಿ ಅವರ ಫೋಟೋ ಇದೆ, ಹಣೆ ತುಂಬ ವಿಭೂತಿ, ತುಟಿ ಬಿಗಿ ಹಿಡಿದು ನಗು ತಡೆದುಕೊಂಡ ಹಾಗಿನ ಮುಖ. ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಕಡಿಮೆ. ಮಧ್ಯಾಹ್ನ ಅಂಗಡಿ ಮುಚ್ಚಿ ಮಾವನವರು ಊಟಕ್ಕೆ ಬಂದರೆ ಪೇಟೆಯವರೆಲ್ಲ ಮಲಗುವ ಆ ಹೊತ್ತಿನಲ್ಲಿ ಇವರಿಬ್ಬರು ಮಾತ್ರ ಎದುರುಬದುರು ಕೂತು ಬುದ್ಧಿಬಳ ಆಡುತ್ತಿದ್ದರಂತೆ. ಇಲ್ಲಿ ಚದುರಂಗಕ್ಕೆ ಹಾಗೇ ಅನ್ನುತ್ತಾರೆ. ಅತ್ತೆ ಹೋದ ಮೇಲೆ ಮಾವನವರು ಆ ಬೋರ್ಡನ್ನು ಯಾರಿಗೋ ಕೊಟ್ಟುಬಿಟ್ಟರು. ಹೊಸದರಲ್ಲಿ ಒಮ್ಮೆ ನಾನೇ, "ಮಾವಾರ, ನನಗೂ ಆಡಾಕ ಬರ್ತೈತ್ರಿ, ಒಂದಾಟ ಆಗ್ಲೇನ್ರಿ?" ಎಂದು ಕೇಳಿದ್ದೆ. "ಆಡೂದೆಲ್ಲಾ ಆತವಾ," ಎಂದು ಗೋಡೆಯ ಕಡೆ ಮಗ್ಗುಲು ಬದಲಿಸಿದ್ದರು. ನಾನು ಮತ್ತೆ ಕೇಳಲಿಲ್ಲ.

ಕೆಲವು ವರ್ಷಗಳ ಹಿಂದೆ ಅವರಿಗೆ ಲಕ್ವಾ ಹೊಡೆಯಿತು. ಮಿರಜಿನ ಆಸ್ಪತ್ರೆಯಲ್ಲಿ ಇದ್ದು ಜೀವ ಉಳಿಸಿಕೊಂಡು ಬಂದರು. ಕಾಲು ನಿಧಾನವಾಗಿ ಮಾತು ಕೇಳತೊಡಗಿತು, ಬಲಗೈ ಅರ್ಧಮರ್ಧ ಬಂತು, ಬಾಯಿ ಮಾತ್ರ ಬರಲಿಲ್ಲ. ಡಾಕ್ಟರು ನಮ್ಮನ್ನು ಕೂರಿಸಿ ಹೇಳಿದರು: ತಿಳಿವಳಿಕೆ ಎಲ್ಲ ಇದೆ, ಮಾತೂ ಒಳಗೆ ಇದೆ, ಹೊರಗೆ ಬರುವ ದಾರಿ ಕೆಟ್ಟಿದೆ, ಈ ಮೊದಲ ಕೆಲವು ತಿಂಗಳು ಬಹಳ ಮುಖ್ಯ, ಅವರು ಎಷ್ಟು ಪ್ರಯತ್ನ ಮಾಡುತ್ತಾರೋ ಅಷ್ಟು ಬರುತ್ತದೆ, ಸುಮ್ಮನಾಗಿಬಿಟ್ಟರೆ ಕಷ್ಟ.

ಮಾತು ಕಲಿಸಲು ಮಿರಜಿನಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಒಳ್ಳೆಯವಳು, ತಾಳ್ಮೆಯವಳು. ಮಾವಿನಹಣ್ಣಿನ ಚಿತ್ರ, ಆಕಳ ಚಿತ್ರ ತೋರಿಸಿ ಹೆಸರು ಹೇಳಿಸಲು ನೋಡುತ್ತಿದ್ದಳು. ಒಂದು ದಿನ ಮಾವನವರು ಮುಖ ಕೆಂಪಗೆ ಮಾಡಿಕೊಂಡು ಪ್ರಯತ್ನಿಸಿದರು. ಬಂದ ದನಿ ಆಕಳಿನದೂ ಅಲ್ಲ, ಮಾವಿನದೂ ಅಲ್ಲ. ಅದೇ ಹೊತ್ತಿಗೆ ನೋಡಲು ಬಂದಿದ್ದ ಪೇಟೆಯ ವ್ಯಾಪಾರಿಯೊಬ್ಬರು ಬಾಗಿಲಲ್ಲಿ ನಿಂತು "ಅರೆರೇ" ಅಂದರು. ಮರುಕದಿಂದಲೇ ಅಂದರು, ಪಾಪ. ಆದರೆ ಅವತ್ತಿನಿಂದ ಮಾವನವರು ಬಾಯಿ ಮುಚ್ಚಿದವರು ತೆರೆಯಲಿಲ್ಲ. ಹುಡುಗಿ ಬಂದರೆ ಗೋಡೆಯ ಕಡೆ ತಿರುಗುತ್ತಿದ್ದರು. "ಅವರಿಗೆ ಮನಸ್ಸು ಬಂದಾಗ ಕರೀರಿ ಅತ್ತಿಗೆ, ಬಲವಂತದಿಂದ ಇದು ಆಗುವುದಿಲ್ಲ," ಎಂದು ಮರಾಠಿಯಲ್ಲಿ ಹೇಳಿ ಅವಳು ಬರುವುದನ್ನು ನಿಲ್ಲಿಸಿದಳು. ಗಲಗಲ ಎನ್ನುತ್ತಿದ್ದ ಮನುಷ್ಯ ಹೀಗೆ ಗೋಡೆ ನೋಡುತ್ತ ಮೂಕರಾಗಿ ಉಳಿದುಬಿಡುತ್ತಾರೆ ಎಂಬ ಭಯ ನನಗೆ ಶುರುವಾಯಿತು. ಒಂದು ಮಾತು, ಯಾವುದಾದರೂ ಒಂದು ಮಾತು ಅವರ ಬಾಯಿಂದ ಬರಲಿ ಎಂದು ನಾನು ಕಾಯುತ್ತಿದ್ದೆ.

ಬುದ್ಧಿಬಳದ ಯೋಚನೆ ಆಗ ಬಂತು. ಪೇಟೆಯಿಂದ ಒಂದು ಪ್ಲಾಸ್ಟಿಕ್ ಬೋರ್ಡು ತಂದು ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿದರು. ಕೊನೆಗೆ ಒಂದು ಪ್ಯಾದೆ, ಅಂದರೆ ಕಾಲಾಳು, ಎತ್ತಲು ಹೋದರು, ಬೆರಳು ಹಿಡಿಯಲಿಲ್ಲ, ಪಕ್ಕದ ನಾಲ್ಕು ಕಾಯಿ ಉರುಳಿದವು. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಮುಂಗೈಯಿಂದ ಎಲ್ಲವನ್ನೂ ಬಳಿದು ಕೆಳಗೆ ಹಾಕಿದರು. ಮಂಚದ ಕೆಳಗೆ ಹೋದ ಕಾಯಿಗಳನ್ನು ಕಸಬರಿಗೆಯಿಂದ ಎಳೆದು ತೆಗೆಯುತ್ತ ನಾನು ಅವರಿಗೆ ಕಾಣದ ಹಾಗೆ ಕಣ್ಣೊರೆಸಿಕೊಂಡೆ.

ಆಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಮಾವನವರು ಅಂಗಡಿಯ ಹಳೆಯ ಕ್ಯಾಲ್ಕ್ಯುಲೇಟರ್ ತೊಡೆಯ ಮೇಲಿಟ್ಟುಕೊಂಡಿದ್ದಾರೆ. ಕಣ್ಣು ಮಾಡಿನ ಮೇಲಿದೆ, ಬೆರಳು ಕೆಳಗೆ ಟಕಟಕ ಓಡುತ್ತಿದೆ. ಸುಮ್ಮನೆ ಯಾವುದೋ ಕೂಡಿಕೆ. ಪ್ಯಾದೆ ಹಿಡಿಯಲಾಗದ ಕೈ ಅಂಕಿಗಳ ಮೇಲೆ ಒಂದೂ ತಪ್ಪದೆ ಹೋಗಿ ಕೊನೆಯಲ್ಲಿ 'ಬರಾಬರ್' ಕೀಲಿ, ಅಂದರೆ = ಗುರುತು, ಒತ್ತಿ ನಿಲ್ಲುತ್ತಿತ್ತು. ಇಡೀ ಆಯುಷ್ಯ ಅದನ್ನೇ ಮಾಡಿದ ಬೆರಳುಗಳು, ಲಕ್ವಾಕ್ಕೂ ಅವು ಮಣಿದಿರಲಿಲ್ಲ. ನಾನು ಒಲೆಯ ಮೇಲಿನ ಹಾಲು ಮರೆತು ನಿಂತೆ. ಹಾಲು ಉಕ್ಕಿತು.

ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಕಾಲೇಜಿನ ಕೊನೆಯ ವರ್ಷ ನಾನೇ ಬರೆದ ಒಂದು ಚದುರಂಗದ ಪ್ರೋಗ್ರಾಂ ಇತ್ತು. ಅದಕ್ಕೆ ಬುದ್ಧಿ ಇತ್ತು, ಮುಖ ಇರಲಿಲ್ಲ. ಅಂದರೆ ಯಾವ ಕಾಯಿ ನಡೆಸಿದರೆ ಲಾಭ ಎಂದು ಒಳಗೇ ಲೆಕ್ಕ ಹಾಕುತ್ತಿತ್ತು, ಆದರೆ ಎದುರಿಗೆ ಕೂತ ಮನುಷ್ಯನಿಗೆ ಬೋರ್ಡು ತೋರಿಸಲು, ಅವನ ನಡೆ ಕೇಳಿಸಿಕೊಳ್ಳಲು ಅದಕ್ಕೆ ಬರುತ್ತಿರಲಿಲ್ಲ. ಆ ಮುಖವನ್ನು ಈಗ ಮಾಡಲು ಕೂತೆ. ಚಿತ್ರವಿಲ್ಲ, ಮೌಸ್ ಇಲ್ಲ. ನಡುಗುವ ಕೈಯಲ್ಲಿ ಮೌಸಿನ ಬಾಣ ಎಲ್ಲೆಲ್ಲೋ ಅಲೆಯುತ್ತದೆ. ಕಪ್ಪು ಪರದೆ, ಅದರ ಮೇಲೆ ಅಕ್ಷರಗಳಿಂದಲೇ ಬರೆದ ಬೋರ್ಡು, ಕೆಳಗೆ ನಡೆಯನ್ನು ಟೈಪ್ ಮಾಡಲು ಒಂದು ಸಾಲು. ನಮ್ಮವರು ಇಣುಕಿ ನೋಡಿ, "ಫೋನ್‌ಮಧ್ಯೇ ಏವಢೇ ಗೇಮ್ ಆಹೇತ, ಹೇ ಕಾಯ ಕಾಳೀ ಪಾಟೀ?" ಅಂದರು. ಫೋನಿನಲ್ಲಿ ಅಷ್ಟೊಂದು ಆಟ ಇರುವಾಗ ಸ್ಲೇಟಿನಂಥ ಈ ಕರಿ ಪಾಟಿ ಯಾಕೆ ಅಂತ. ನಿಮ್ಮಪ್ಪ ಪಾಟಿಯ ಕಾಲದವರು, ನೀವು ಅಂಗಡಿಗೆ ನಡೆಯಿರಿ ಎಂದೆ.

ಕೆಲಸ ಸಣ್ಣದು ಅಂದುಕೊಂಡಿದ್ದೆ, ಅದು ನನ್ನನ್ನು ಚೆನ್ನಾಗಿ ಆಡಿಸಿತು. ಕಾಯಿಗಳ ಹೆಸರು ಕನ್ನಡದಲ್ಲಿ ಹಾಕಿದರೆ ಕಾಗುಣಿತದ ಅಕ್ಷರಗಳು ಒಂದೊಂದು ಒಂದೊಂದು ಅಗಲ, ಬೋರ್ಡಿನ ಸಾಲು ಕುಡಿದವನ ಹಾಗೆ ವಾಲುತ್ತಿತ್ತು. ಕೊನೆಗೆ ಒಂಟಿ ಅಕ್ಷರಗಳಿಗೆ ಬಂದೆ. ರಾಜನಿಗೆ ರ, ವಜೀರನಿಗೆ ವ, ಕುದುರೆಗೆ ಕ, ಒಂಟೆಗೆ ಟ, ಪ್ಯಾದೆಗೆ ಪ. ಆನೆಗೆ ಹ, ಯಾಕೆಂದರೆ ಈ ಮನೆಯಲ್ಲಿ ಮರಾಠಿಯವರ ಹಾಗೆ ಆನೆಗೆ ಹತ್ತಿ ಅನ್ನುತ್ತಾರೆ. ನಮ್ಮೂರಲ್ಲಾದರೆ ಹತ್ತಿ ಹೊಲದಲ್ಲಿ ಬೆಳೆಯುತ್ತದೆ. ಮನೆಗಳಿಗೆ ಅಡ್ಡ ಉದ್ದ ಎರಡೂ ಕಡೆ ಅಂಕಿಗಳನ್ನೇ ಕೊಟ್ಟೆ. ಎಲ್ಲಿಂದ ಎಲ್ಲಿಗೆ ಎಂದು ನಾಲ್ಕು ಅಂಕಿ ಒತ್ತಿದರೆ ನಡೆ ಆಯಿತು. ಅಂಗಡಿಯ ಹಳೆಯ ಕೀಬೋರ್ಡು ತಂದು ಜೋಡಿಸಿದೆ, ಅದರ ಬಲಗಡೆಯ ಅಂಕಿಗಳು ಕ್ಯಾಲ್ಕ್ಯುಲೇಟರಿನ ಹಾಗೇ ಇದ್ದವು, ಮೂಲೆಯ ಎಂಟರ್ ಕೀಲಿ ಬರಾಬರ್ ಜಾಗಕ್ಕೆ ಹತ್ತಿರವಿತ್ತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಪ್ರೋಗ್ರಾಂ ಆಡುವ ಮಾತು. ನಿಯಮಕ್ಕೆ ಹೊಂದದ ನಡೆ ಒತ್ತಿದರೆ 'ತಪ್ಪು ನಡೆ' ಎಂದು ತೋರಿಸುವ ಹಾಗೆ ಮೊದಲು ಬರೆದಿದ್ದೆ. ಆಮೇಲೆ ಓದಿ ನೋಡಿದರೆ ನನಗೇ ಕಸಿವಿಸಿ. ಮಾವನವರಿಗೆ ನಾನು ಎದುರು ನಿಂತು ಹಾಗೆ ಅನ್ನುತ್ತೇನೆಯೇ? ಅಳಿಸಿ, 'ಇನ್ನೊಮ್ಮೆ ನೋಡ್ರಿ, ಮಾವಾರ' ಎಂದು ಬರೆದೆ. ಅವರ ಸರದಿ ಬಂದಾಗ 'ನಿಮ್ಮ ಪಾಳಿ, ಮಾವಾರ' ಎಂದು ಕೇಳುತ್ತಿತ್ತು. ಅದರ ಉತ್ತರ 'ನನ್ನ ಆಟ' ಎಂಬ ಎರಡು ಪದ, ಮುಂದೆ ನಾಲ್ಕು ಅಂಕಿ. ಅದಕ್ಕಿಂತ ಹೆಚ್ಚು ಮಾತು ಅದಕ್ಕೆ ಗೊತ್ತಿರಲಿಲ್ಲ.

ಮೊದಲ ದಿನ ಊಟವಾದ ಮೇಲೆ ಮೇಜಿನ ಮುಂದೆ ಕೂರಿಸಿದೆ. ಅವರು ಪರದೆ ನೋಡಿದರು, ನನ್ನನ್ನು ನೋಡಿದರು. ನಾನೇ ಒಂದು ನಡೆ ಒತ್ತಿ ತೋರಿಸಿದೆ. ಅವರು ನನ್ನ ಕೈ ಸರಿಸಿ ಆಟ ಮೊದಲಿನಿಂದ ಹಚ್ಚುವಂತೆ ಸನ್ನೆ ಮಾಡಿದರು. ಆಮೇಲೆ ನಾನು ಬೇಕಾಗಲಿಲ್ಲ. ಅವತ್ತೇ ಪ್ರೋಗ್ರಾಮನ್ನು ಸೋಲಿಸಿದರು. ಸೊಸೆಯ ಸೃಷ್ಟಿ ಸೋತರೆ ಇಷ್ಟು ಸಂತೋಷವೇ ಎಂದು ಚುಡಾಯಿಸಿದೆ. ಮೀಸೆ ಸ್ವಲ್ಪ ಅಲುಗಾಡಿತು. ಅಂದಿನಿಂದ ದಿನಾ ಮಧ್ಯಾಹ್ನ ಆಟ. ಊಟ ಹೆಚ್ಚಾಯಿತು, ಗೋಡೆಯ ಕಡೆ ತಿರುಗುವುದು ಕಡಿಮೆಯಾಯಿತು. ಮಾತು ಮಾತ್ರ ಇಲ್ಲ. ಪ್ರೋಗ್ರಾಂ ಪೆದ್ದು ನಡೆ ಮಾಡಿದಾಗ ತಲೆ ಅಲ್ಲಾಡಿಸುತ್ತಿದ್ದರು, ಬಾಯಿ ತೆರೆಯುತ್ತಿರಲಿಲ್ಲ.

ಇದರ ನಡುವೆ ಒಂದು ವಿಷಯ ನನ್ನನ್ನು ಕಾಡತೊಡಗಿತು. ಚೆನ್ನಾಗಿ ಆಡುತ್ತ ಆಡುತ್ತ ಮಾವನವರು ಆಗಾಗ ಅರ್ಥವಿಲ್ಲದ ನಡೆ ಒತ್ತುತ್ತಿದ್ದರು. ರಾಜನನ್ನು ಕುದುರೆಯ ಹಾಗೆ ಎರಡೂವರೆ ಮನೆ ದಾಟಿಸುವುದು. ಪ್ರೋಗ್ರಾಂ ವಿನಯದಿಂದ 'ಇನ್ನೊಮ್ಮೆ ನೋಡ್ರಿ, ಮಾವಾರ' ಅನ್ನುತ್ತಿತ್ತು. ಅವರು ಮತ್ತೆ ಅದನ್ನೇ ಒತ್ತುತ್ತಿದ್ದರು. ಕೊನೆಗೆ ನನ್ನ ಕಡೆ ತಿರುಗಿ ಏನೋ ಹೇಳಲು ಹೋಗಿ, ತುಟಿ ಬಿಗಿದು, ಬೇರೆ ನಡೆ ಒತ್ತುತ್ತಿದ್ದರು. ರಾಜ ಒಂದೊಂದೇ ಮನೆ ನಡೆಯುತ್ತಾನೆ ಎನ್ನುವುದು ಆಟ ಕಲಿಯುವ ಮಕ್ಕಳಿಗೂ ಗೊತ್ತು. ತಿಳಿವಳಿಕೆ ಎಲ್ಲ ಇದೆ ಎಂದು ಡಾಕ್ಟರು ಹೇಳಿದ್ದರಲ್ಲ, ಈಗ ಅದೂ ಹೋಗುತ್ತಿದೆಯೇ? ಗಂಡನಿಗೆ ಹೇಳಿದೆ. ಅವರಿಗೆ ಬುದ್ಧಿಬಳದ ಗಂಧವೇ ಇಲ್ಲ, ಅದು ಅಪ್ಪ ಅವ್ವನ ಆಟ, ಮಕ್ಕಳು ಆ ಹೊತ್ತಿಗೆ ಶಾಲೆಯಲ್ಲಿರುತ್ತಿದ್ದರು.

ಈಗ ಆ ಮಧ್ಯಾಹ್ನ. ಅಂಗಡಿ ಮುಚ್ಚಿತ್ತು, ನಮ್ಮವರು ಊಟ ಮಾಡಿ ಒಳಗೆ ಮಲಗಿದ್ದರು. ಮಾವನವರು ಮೇಜಿನ ಮುಂದೆ, ನಾನು ಅವರ ಹಿಂದೆ ನೆಲದ ಮೇಲೆ ಮೆಂತ್ಯ ಸೊಪ್ಪು ಸೋಸುತ್ತ ಕೂತಿದ್ದೆ. ತಲೆ ಎತ್ತಿದರೆ ಪರದೆ ಕಾಣುತ್ತಿತ್ತು. ಮಾವನವರ ಆಟ ಅವತ್ತು ಬಹಳ ಚೆನ್ನಾಗಿತ್ತು. ಗದ್ದಲವಿಲ್ಲದೆ ಸುತ್ತ ಬಲೆ ಹಾಕಿದ್ದರು. ಪ್ರೋಗ್ರಾಮಿನ ರಾಜ ಮೂಲೆಯ ಹತ್ತಿರ ತನ್ನದೇ ಪ್ಯಾದೆಗಳ ಹಿಂದೆ ಸಿಕ್ಕಿಬಿದ್ದಿದ್ದ. ಈ ನಡೆಗೆ ಬಲೆ ಬಿಗಿದು ಮುಂದಿನದಕ್ಕೆ ಮಾತ್ ಆಗಿ, ಅಂದರೆ ರಾಜ ಸಿಕ್ಕಿ, ಆಟ ಮುಗಿಯುವುದು ನನಗೂ ಕಾಣುತ್ತಿತ್ತು, ತಪ್ಪಿಸಿಕೊಳ್ಳಲು ಅದಕ್ಕೆ ಯಾವ ದಾರಿಯೂ ಇರಲಿಲ್ಲ. ಮಾವನವರು ನಾಲ್ಕು ಅಂಕಿ ಒತ್ತಿ, ಎಂಟರ್ ಹೊಡೆದು, ಕೈ ಮೀಸೆಗೆ ಒಯ್ದರು.

ನನ್ನ ಪ್ರೋಗ್ರಾಂ ಬಡದು, ಆಳವಾಗಿ ಯೋಚಿಸುವುದಿಲ್ಲ, ಆದ್ದರಿಂದ ಉತ್ತರ ಬೇಗ ಬರುತ್ತದೆ. ಅವತ್ತು ಬರಲಿಲ್ಲ. ಪರದೆಯ ಮೇಲೆ ಸಾಲು ಖಾಲಿ ನಿಂತಿತ್ತು. ಕೈಯಲ್ಲಿದ್ದ ಮೆಂತ್ಯದ ಕಟ್ಟು ಪೂರ್ತಿ ಸೋಸಿ ಮುಗಿಸಿದೆ, ಇನ್ನೂ ಖಾಲಿ. ಎಲ್ಲೋ ಸಿಕ್ಕಿಹಾಕಿಕೊಂಡಿದೆ, ಬಂದ್ ಮಾಡಿ ಹಚ್ಚಬೇಕು ಎಂದು ಸೆರಗಿಗೆ ಕೈ ಒರೆಸಿಕೊಂಡು ಏಳುವಷ್ಟರಲ್ಲಿ ಉತ್ತರ ಬಂತು. 'ನನ್ನ ಆಟ 78 57'.

ನಾನು ಎರಡು ಸಲ ಓದಿದೆ. ಬೋರ್ಡು ಹೊಸದಾಗಿ ಮೂಡಿತು. ರಾಜ ತನ್ನ ಪ್ಯಾದೆಗಳ ಹಿಂದಿನಿಂದ ಕುದುರೆಯ ಹಾಗೆ ಹಾರಿ ಬಲೆಯ ಹೊರಗೆ ಬಂದು ನಿಂತಿದ್ದ. ಮಾವನವರು ಒತ್ತಿದಾಗಲೆಲ್ಲ 'ಇನ್ನೊಮ್ಮೆ ನೋಡ್ರಿ' ಎಂದು ತಿರುಗಿಸಿ ಕಳಿಸುತ್ತಿದ್ದ ಅದೇ ನಡೆಯನ್ನು ಪ್ರೋಗ್ರಾಂ ತಾನೇ ಮಾಡಿತ್ತು. ನನಗೆ ನಾಚಿಕೆಯಾಯಿತು. ಎಂಥ ಕೆಟ್ಟ ತಪ್ಪು ಉಳಿಸಿದ್ದೇನೆ, ಮಾವನವರ ಗೆದ್ದ ಆಟ ಹಾಳಾಯಿತು ಎಂದು ಲ್ಯಾಪ್‌ಟಾಪ್ ಕಡೆ ಕೈ ಚಾಚಿದೆ. ಅವರು ನನ್ನ ಮಣಿಕಟ್ಟು ಹಿಡಿದರು. ಬಲಗೈಯಿಂದ, ಗಟ್ಟಿಯಾಗಿ.

ಅವರ ಭುಜ ಅಲುಗುತ್ತಿತ್ತು. ಮೊದಲು ಮೂಗಿನಲ್ಲಿ, ಆಮೇಲೆ ಗಂಟಲಿನಲ್ಲಿ ಏನೋ ಸದ್ದು. ಮತ್ತೆ ಲಕ್ವಾ ಹೊಡೆಯಿತೇನೋ ಎಂದು ಹೆದರಿ ಎದುರು ಬಂದು ನೋಡಿದರೆ ಅವರು ನಗುತ್ತಿದ್ದರು. ಕಣ್ಣಿನಿಂದ ನೀರು ಮೀಸೆಗೆ ಇಳಿಯುತ್ತಿತ್ತು, ಅವರು ನಗುತ್ತಲೇ ಇದ್ದರು.

"ಹಾ... ಹಾರ... ಹಾರಿಸಿದ್ಲ," ಅಂದರು.

ಮಾತು ತೊದಲಿತ್ತು, ಆದರೆ ಮಾತಾಗಿತ್ತು. ನಾನು ಅಲ್ಲೇ ಮೇಜಿನ ಕಾಲು ಹಿಡಿದು ಕೂತೆ. "ಯಾರ್ರಿ ಮಾವಾರ? ಯಾರ ಹಾರಿಸಿದ್ರು?" ಎಂದು ಕೇಳಿದೆ.

ಅವರು ಪರದೆಯನ್ನು ತೋರಿಸಿದರು. "ಅಕಿ," ಅಂದರು. ಇನ್ನೊಂದು ಸಲ, ಹೆಚ್ಚು ಸ್ಪಷ್ಟವಾಗಿ, "ಅಕಿ."

ನಾನು ಗಂಡನನ್ನು ಎಬ್ಬಿಸಲು ಓಡಿದೆ. ಅವರು ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡು, ಹುಟ್ಟಿದಾಗಿನಿಂದ ಮರಾಠಿಯಲ್ಲೇ ಉತ್ತರ ಕೊಟ್ಟ ಮನುಷ್ಯ, "ಅಪ್ಪಾ, ಇನ್ನೊಮ್ಮೆ ಅನ್ರಿ ಅಪ್ಪಾ, ಇನ್ನೊಮ್ಮೆ ಅನ್ರಿ," ಎಂದು ಕನ್ನಡದಲ್ಲಿ ಅತ್ತರು. ಆ ಆಟ ಮುಗಿಯಲೇ ಇಲ್ಲ. ಮಾವನವರು ಮುಂದಿನ ನಡೆ ಒತ್ತಲಿಲ್ಲ. 'ನಿಮ್ಮ ಪಾಳಿ, ಮಾವಾರ' ಎಂದು ಪರದೆ ಸಂಜೆವರೆಗೆ ಕೇಳುತ್ತ ಇತ್ತು.

ಸಂತೋಷ ಸಂತೋಷವೇ, ಆದರೆ ತಪ್ಪು ಹುಡುಕದೆ ಬಿಡುವ ಜಾತಿ ನನ್ನದಲ್ಲ. ಆಟದ ಎಲ್ಲ ನಡೆಗಳೂ ಪರದೆಯ ಮೇಲೆ ಸಾಲಾಗಿ ಇದ್ದವು, ಬರೆದಿಟ್ಟುಕೊಂಡೆ. ಮರುದಿನ ಬೆಳಿಗ್ಗೆ ಪ್ರೋಗ್ರಾಮನ್ನು ಹೊಸದಾಗಿ ಹಚ್ಚಿ ಮಾವನವರ ಅವೇ ನಡೆಗಳನ್ನು ಒಂದೊಂದಾಗಿ ಒತ್ತಿದೆ. ನನ್ನ ಪ್ರೋಗ್ರಾಮಿನಲ್ಲಿ ಅದೃಷ್ಟದ ಮಾತೇ ಇಲ್ಲ, ಒಂದೇ ಸ್ಥಿತಿಗೆ ಅದು ಯಾವಾಗಲೂ ಒಂದೇ ಉತ್ತರ ಕೊಡುತ್ತದೆ. ಆ ಕೊನೆಯ ನಡೆಯವರೆಗೆ ಹಾಗೇ ಕೊಟ್ಟಿತು, ಒಂದೂ ಬದಲಾಗಲಿಲ್ಲ. ಕೊನೆಯದಕ್ಕೆ ಮಾತ್ರ ಕಣ್ಣು ಮಿಟುಕಿಸುವುದರಲ್ಲಿ ಪ್ಯಾದೆಯೊಂದನ್ನು ಮುಂದೆ ತಳ್ಳಿ, ಮುಂದಿನ ನಡೆಗೆ ಮಾತ್ ಆಗಿ ಸೋತಿತು. ಮತ್ತೆ ಆಡಿಸಿದೆ, ಮತ್ತೆ ಪ್ಯಾದೆ. ಎಷ್ಟು ಸಲ ಆಡಿಸಿದರೂ ಪ್ಯಾದೆ. ಪ್ರೋಗ್ರಾಮಿನಲ್ಲಿ ರಾಜನ ನಡೆ ಬರೆದ ಜಾಗ ನನಗೆ ಬಾಯಿಪಾಠ. ಸುತ್ತಲಿನ ಮನೆಗಳಿಗೆ ಒಂದೊಂದು ಹೆಜ್ಜೆ, ಆನೆಯ ಜೊತೆ ಜಾಗ ಬದಲಿಸುವ ನಡೆ, ಅಷ್ಟೇ. ಕುದುರೆಯ ನಡೆ ಬೇರೆ ಕಡೆ ಇದೆ, ರಾಜ ಅಲ್ಲಿಗೆ ಹೋಗುವ ದಾರಿಯೇ ಇಲ್ಲ. ಕಾಲೇಜಿನ ಗೆಳತಿಯೊಬ್ಬಳಿಗೆ ಎಲ್ಲ ಕಳಿಸಿ ನೋಡಲು ಹೇಳಿದೆ. ಅವಳಿಗೂ ಏನೂ ಸಿಗಲಿಲ್ಲ. "ಹಳೇ ಲ್ಯಾಪ್‌ಟಾಪ್, ಮೆಮೊರಿ ಎಲ್ಲೋ ತಪ್ಪಿರಬೇಕು ಬಿಡ," ಅಂದಳು. ಆಗಿರಬಹುದು. ಸಾವಿರಾರು ಕಡೆ ತಪ್ಪಬಹುದಾದದ್ದು ಸರಿಯಾಗಿ ಅಲ್ಲೇ ತಪ್ಪಿರಬಹುದು. ಇಲ್ಲ ಎಂದು ನಾನು ಹೇಳಲಾರೆ.

ಅಷ್ಟರಲ್ಲಿ ಮಾವನವರ ತಂಗಿ ಮಿರಜಿನ ಹತ್ತಿರದ ಬೇಡಗದಿಂದ ಬಂದರು. ನಾವು ಆತ್ಯಾ ಅನ್ನುತ್ತೇವೆ. ಅಣ್ಣ ಬಾಯಿಬಿಟ್ಟ ಸುದ್ದಿ ಕೇಳಿ ಸಿಕ್ಕ ಗಾಡಿ ಹತ್ತಿ ಬಂದಿದ್ದರು. ಅಡಿಗೆಮನೆಯಲ್ಲಿ ಅವರೊಬ್ಬರೇ ಸಿಕ್ಕಾಗ ನನ್ನ ಹಳೆಯ ಚಿಂತೆಯನ್ನು ತೋಡಿಕೊಂಡೆ. ಮಾತು ಬಂತು ಖರೆ, ಆದರೆ ಮಾವನವರ ಬುದ್ಧಿ ಸ್ವಲ್ಪ ಹಿಂದೆಮುಂದೆ ಆಗಿದೆ, ಆಟದಲ್ಲಿ ರಾಜನನ್ನು ಕುದುರೆಯ ಹಾಗೆ ಹಾರಿಸುತ್ತಾರೆ ಅಂದೆ. ಯಂತ್ರ ಮಾಡಿದ್ದನ್ನು ಮಾತ್ರ ಹೇಳಲಿಲ್ಲ.

ಆತ್ಯಾ ಲಟ್ಟಣಿಗೆ ಕೆಳಗಿಟ್ಟರು. "ಅಯ್ಯ ಹುಚ್ಚಿ, ಅದರಾಗ ಬುದ್ಧಿ ಕೆಡೂದ ಏನ್ ಬಂತ? ಅದು ನಮ್ಮ ಹಳೀ ಆಟ. ನೀವು ಫೋನ್‌ನ್ಯಾಗ ನೋಡಿ ಕಲತವ್ರು, ನಿಮಗೇನ ಗೊತ್ತು. ನಮ್ಮ ಆಟದಾಗ ರಾಜಾಗ ಒಂದ ಸಲ ಕುದ್ರಿ ಹಂಗ ಹಾರೂ ಹಕ್ ಐತಿ. ಒಂದಽ ಸಲ. ಅದೂ ನೀವು ಚೆಕ್ ಅಂತೀರಲ್ಲ, ಆ ಶಹ ಬೀಳೂ ತನಕಾ ಅಷ್ಟ. ಒಮ್ಮೆ ಶಹ ಬಿತ್ತಂದ್ರ ಹಾರೂ ಹಕ್ ಹೋತು."

ನನ್ನ ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು. ಆತ್ಯಾ ತಮ್ಮ ಪಾಡಿಗೆ ಮುಂದುವರಿಸಿದರು. "ನಿಮ್ಮ ಅತ್ತಿ ಭಾಳ ಪಕ್ಕಾ ಇದ್ಲು ನೋಡ. ಆ ಹಾರಿಕಿ ಕಡೀತನಕಾ ತಗದ ಇಟಗೊಂಡ ಇರಾಕಿ. ಅಣ್ಣಾ ಗೆದ್ದೆ ಅಂತ ಮೀಸಿ ಮ್ಯಾಲ ಕೈ ಹಾಕೂದಽ ತಡಾ, ರಾಜಾನ್ನ ಟಣ್ ಅಂತ ಹಾರಿಸಿ, ಸೆರಗ ಬಾಯಾಗ ಹಿಡಕೊಂಡ ನಗಾಕಿ. ಅಣ್ಣಾ ದಿನಾ ಮರೀತಿದ್ದ. ಬೇಕಂತನಽ ಮರೀತಿದ್ದೋ ಏನೋ, ಯಾರಿಗ್ಗೊತ್ತು."

ಆ ನಿಯಮ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿಲ್ಲದ್ದನ್ನು ನಾನು ಹೇಗೆ ಬರೆಯಲಿ, ನಾನು ಬರೆಯದ್ದನ್ನು ಅದು ಹೇಗೆ ಆಡಲಿ? ಆ ಮಧ್ಯಾಹ್ನದ ಆಟವನ್ನು ಮತ್ತೆ ತೆಗೆದು ನೋಡಿದೆ. ಮಾವನವರು ಬಲೆ ಹಾಕಿದ್ದೇನೋ ನಿಜ, ಆದರೆ ಅಲ್ಲಿಯವರೆಗೆ ಒಮ್ಮೆಯೂ ಶಹ ಕೊಟ್ಟಿರಲಿಲ್ಲ. ಹಳೆಯ ಆಟದ ಪ್ರಕಾರ ಆ ರಾಜನಿಗೆ ಹಾರುವ ಹಕ್ಕು ಇತ್ತು. ಪಡಸಾಲೆಗೆ ಹೋಗಿ ಫೋಟೋ ಮುಂದೆ ಸ್ವಲ್ಪ ಹೊತ್ತು ನಿಂತೆ. ನಾನು ಕಾಣದ ಆ ಹೆಂಗಸಿನ ಮೇಲೆ ನನಗೆ ಅವತ್ತು ಬಹಳ ಪ್ರೀತಿ ಬಂತು.

ಮಿರಜಿನ ಹುಡುಗಿಯನ್ನು ಮತ್ತೆ ಕರೆಸಿದೆವು. ಈ ಸಲ ಮಾವನವರು ಅವಳಿಗೆ ಬೆನ್ನು ಮಾಡಲಿಲ್ಲ. ಆಕಳು ಬಂತು, ಮಾವು ಬಂತು, ನನ್ನ ಹೆಸರು ಬಂತು. ಮೊದಲಿನ ಕಂಠ ಬರಲಿಲ್ಲ, ಅದು ಹೋಯಿತು. ಈಗ ತಡೆದು ತಡೆದು, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಬಿಟ್ಟು ಆಡುತ್ತಾರೆ. ನಡುವೆ ಬಾಯಿ ಹಾಕಿ ಅವರ ಮಾತನ್ನು ನಾವು ಪೂರ್ತಿ ಮಾಡಬಾರದು ಎಂದು ಆ ಹುಡುಗಿ ಹೇಳಿಕೊಟ್ಟಿದ್ದಾಳೆ. ನನ್ನಂಥ ಅವಸರದವಳಿಗೆ ಅದು ಸುಲಭವಲ್ಲ, ಆದರೂ ಕಲಿತೆ.

ಕಳೆದ ಚಳಿಗಾಲದಲ್ಲಿ ಪ್ರೋಗ್ರಾಮಿಗೆ ಹಳೆಯ ನಿಯಮ ಸೇರಿಸಿಬಿಡೋಣ ಎಂದು ಲ್ಯಾಪ್‌ಟಾಪ್ ತೆಗೆದು ಮಾವನವರ ಪಕ್ಕದಲ್ಲಿ ಕೂತೆ. ನಾಲ್ಕು ಸಾಲಿನ ಕೆಲಸ. "ಮಾವಾರ, ರಾಜಾನ ಹಾರಿಕಿ ಹಾಕತೇನ್ರಿ. ನಿಮ್ಮ ರಾಜಾನೂ ಹಾರ್ಲಿ, ಅದರ ರಾಜಾನೂ ಹಾರ್ಲಿ," ಅಂದೆ.

ಅವರು ಕೀಬೋರ್ಡಿನ ಮೇಲೆ ಕೈ ಇಟ್ಟರು. "ನನಗ... ಹಾಕು. ಅದಕ್ಕ... ಬ್ಯಾಡ."

"ಯಾಕ್ರಿ? ಆಟ ಸಮಾ ಆಗಬೇಕಲ್ರಿ."

ಅವರು ಮಾತು ಕೂಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ನಾನು ಕಾದೆ.

"ನೀ ಕಲಿಸಿದಿ ಅಂದ್ರ... ಮುಂದ ಹಾರಿದಾಗ... ಅದು ನೀನೋ... ಅಕೀನೋ... ನನಗ ಹೆಂಗ ತಿಳೀಬೇಕವಾ?"

ನಾನು ಅವರ ರಾಜನಿಗೆ ಮಾತ್ರ ಆ ನಿಯಮ ಬರೆದು ಲ್ಯಾಪ್‌ಟಾಪ್ ಮುಚ್ಚಿದೆ. ಪ್ರೋಗ್ರಾಮಿನ ರಾಜನಿಗೆ ಇವತ್ತಿಗೂ ಹಾರಲು ಬರುವುದಿಲ್ಲ. ಆ ಮಧ್ಯಾಹ್ನದ ನಂತರ ಅವನು ಮತ್ತೆ ಹಾರಿಲ್ಲ. ಆಗ ಹೇಗೆ ಹಾರಿದ ಎನ್ನುವುದು ನನಗೆ ಗೊತ್ತಿಲ್ಲ, ಗೊತ್ತಾಗುತ್ತದೆ ಎಂಬ ಆಸೆಯೂ ಈಗ ಉಳಿದಿಲ್ಲ. ಮಾವನವರ ಆಟದಲ್ಲಿ ಮಾತ್ರ ಒಂದು ಬದಲಾವಣೆ ಕಂಡಿದ್ದೇನೆ, ಅದನ್ನು ಅವರಿಗೆ ಕೇಳಿಲ್ಲ, ಕೇಳುವುದೂ ಇಲ್ಲ. ಎಷ್ಟು ಸುಲಭವಾಗಿ ಸಿಕ್ಕರೂ ಅವರು ಎದುರಿನ ರಾಜನಿಗೆ ಈಗ ಆಟ ಮುಗಿಸುವ ಕೊನೆಯ ನಡೆಯವರೆಗೆ ಒಂದೇ ಒಂದು ಶಹ ಕೊಡುವುದಿಲ್ಲ.